ಹಳೇ ಲ್ಯಾಪ್‌ಟಾಪ್, ವಿಂಡೋಸ್ 10, ಟೈಪಿಂಗ್ ಅಂಗಡಿ: ಅಪ್‌ಡೇಟ್ ವಿಷಯದಲ್ಲಿ ಏನು ಮಾಡಲಿ?

ಮಧುಗಿರಿ ಜೆರಾಕ್ಸ್:

ಎಲ್ಲರಿಗೂ ನಮಸ್ಕಾರ. ಮಧುಗಿರಿಯಲ್ಲಿ ತಾಲ್ಲೂಕು ಕಚೇರಿ ಹತ್ತಿರ ನಂದೊಂದು ಚಿಕ್ಕ ಜೆರಾಕ್ಸ್, ಟೈಪಿಂಗ್ ಅಂಗಡಿ ಇದೆ. ಇರೋದು ಒಂದೇ ಲ್ಯಾಪ್‌ಟಾಪ್. ಹಗಲು ಅಂಗಡಿಗೆ, ರಾತ್ರಿ ಮನೆಯಲ್ಲಿ ಮಗಳಿಗೆ. ಪ್ರೊಸೆಸರ್ ಐ3 ಐದನೇ ಜನರೇಶನ್, 4 ಜಿಬಿ ರ‍್ಯಾಮ್, 1 ಟಿಬಿ ಹಾರ್ಡ್ ಡಿಸ್ಕ್, ವಿಂಡೋಸ್ 10. ಬ್ಯಾಟರಿ ಸತ್ತು ಬಹಳ ಕಾಲ ಆಯ್ತು, ಚಾರ್ಜರ್ ಕಿತ್ತರೆ ಆಫ್.

ಕೆಲಸ ಏನು ಅಂದರೆ ನುಡಿ ಸಾಫ್ಟ್‌ವೇರ್‌ನಲ್ಲಿ ಅರ್ಜಿ, ಅಫಿಡವಿಟ್, ಕರಾರು ಪತ್ರ ಟೈಪ್ ಮಾಡೋದು, ಪಹಣಿ ತೆಗೆದು ಪ್ರಿಂಟ್ ಕೊಡೋದು, ಸೇವಾಸಿಂಧು ಅರ್ಜಿ ತುಂಬೋದು, ಜನ ವಾಟ್ಸಾಪ್‌ಗೆ ಕಳಿಸಿದ ಆಧಾರ್, ರೇಷನ್ ಕಾರ್ಡ್ ಪ್ರಿಂಟ್ ಹಾಕೋದು. ಪ್ರಿಂಟರ್ ಹಳೇ ಎಲ್‌ಬಿಪಿ 2900. ಅದು ಮಾತ್ರ ಕಲ್ಲು ಇದ್ದ ಹಾಗೆ ಇದೆ, ಏನೂ ಆಗಿಲ್ಲ.

ಈಗ ಸಮಸ್ಯೆಗೆ ಬರ್ತೀನಿ. ವಿಂಡೋಸ್ 10ಕ್ಕೆ ಸಪೋರ್ಟ್ ಮುಗಿದಿದೆ ಅಂತ ಪರದೆ ತುಂಬಾ ಸೂಚನೆ ಬರುತ್ತದೆ. 11 ಹಾಕೋಣ ಅಂದರೆ ಈ ಮಷಿನ್‌ಗೆ ಅರ್ಹತೆ ಇಲ್ಲ ಅನ್ನುತ್ತದೆ. ಅದಲ್ಲದೆ ಒಂದು ಅಪ್‌ಡೇಟ್ ಪ್ರತಿ ಸಲ ಡೌನ್‌ಲೋಡ್ ಆಗಿ, ಇನ್‌ಸ್ಟಾಲ್ ಆಗೋಕೆ ಹೋಗಿ, ಫೇಲ್ ಅಂತ ನಿಲ್ಲುತ್ತದೆ. ಅಂಗಡಿಯಲ್ಲಿ ನೆಟ್ ಅಂದರೆ ಮೊಬೈಲ್ ಹಾಟ್‌ಸ್ಪಾಟ್, ದಿನಕ್ಕೆ ಒಂದೂವರೆ ಜಿಬಿ. ಬೆಳಿಗ್ಗೆ ಲ್ಯಾಪ್‌ಟಾಪ್ ಆನ್ ಮಾಡಿದರೆ ಅರ್ಧ ಡೇಟಾ ಅಪ್‌ಡೇಟೇ ತಿಂದಿರುತ್ತದೆ. ಜನ ಸಾಲಲ್ಲಿ ನಿಂತಿರುವಾಗ ರೀಸ್ಟಾರ್ಟ್ ಆಗಿ ಶೇಕಡ 30, ಶೇಕಡ 31 ಅಂತ ಎಣಿಸಿಕೊಂಡು ಕೂತರೆ ಅವರ ಮುಖ ನೋಡೋಕಾಗಲ್ಲ.

ಪಕ್ಕದ ಮೊಬೈಲ್ ಅಂಗಡಿ ಹುಡುಗ 'ಹೇಗಾದ್ರೂ ಮಾಡಿ 11 ಕೂರಿಸ್ತೀನಿ ಅಣ್ಣ, ಕೊಡಿ' ಅಂತಾನೆ. ಇನ್ನೊಬ್ಬರು ಅಪ್‌ಡೇಟನ್ನೇ ಪೂರ್ತಿ ಆಫ್ ಮಾಡಿ ಆರಾಮಾಗಿರಿ ಅಂತಾರೆ. ಮೂರನೆಯವರು ಹೊಸದು ತಗೊಳ್ಳಿ ಅಂತಾರೆ, ದುಡ್ಡು ಮಾತ್ರ ಯಾರೂ ಕೊಡಲ್ಲ. ಮಗಳು ಪಿಯುಸಿ, ಈ ವರ್ಷ ಹೊಸ ಲ್ಯಾಪ್‌ಟಾಪ್ ಮಾತೇ ಇಲ್ಲ. ಸಣ್ಣ ಖರ್ಚಾದರೆ ಪರವಾಗಿಲ್ಲ. ತಿಳಿದವರು ಹೇಳಿ.

ಕೋಲಾರ ಸರ್ವೀಸ್:

ಅಣ್ಣ, ನಾನು ಲ್ಯಾಪ್‌ಟಾಪ್ ರಿಪೇರಿ ಮಾಡೋನು. ಬಂಗಾರಪೇಟೆ, ಮಾಲೂರು, ಶ್ರೀನಿವಾಸಪುರ ಕಡೆಯಿಂದ ಇಂಥ ಮಷಿನ್ ದಿನಾ ಬರುತ್ತವೆ. ನಿಮ್ಮದರಲ್ಲಿ ಎರಡು ಬೇರೆ ಬೇರೆ ಸಮಸ್ಯೆ ಸೇರಿಕೊಂಡಿವೆ. ಸ್ಲೋ ಆಗಿರೋದು ಒಂದು, ಸಪೋರ್ಟ್ ಮುಗಿದಿರೋದು ಇನ್ನೊಂದು. ಎರಡನ್ನೂ ಒಂದೇ ಅಂದುಕೊಂಡು ಜನ ಹೊಸ ಲ್ಯಾಪ್‌ಟಾಪ್‌ಗೆ ಹೋಗಿಬಿಡ್ತಾರೆ.

ಮೊದಲು ಸ್ಲೋ ವಿಷಯ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆಗೆಯಿರಿ. ಅಪ್‌ಡೇಟ್ ನಡೀತಿರುವಾಗ ಡಿಸ್ಕ್ ಅನ್ನೋ ಕಾಲಂನಲ್ಲಿ ಶೇಕಡ 100 ಅಂತ ಕೆಂಪಗೆ ನಿಂತಿರುತ್ತದೆ ಅಲ್ವಾ? ಪ್ರೊಸೆಸರ್ ಸುಮ್ನೆ ಕೂತಿರುತ್ತದೆ, ಡಿಸ್ಕ್ ಮಾತ್ರ ಏದುಸಿರು ಬಿಡುತ್ತಿರುತ್ತದೆ. ಆ ಕಾಲದ ಲ್ಯಾಪ್‌ಟಾಪ್‌ಗಳಲ್ಲಿ ಹೆಚ್ಚಾಗಿ ಇರೋದು ನಿಮಿಷಕ್ಕೆ 5400 ಸುತ್ತು ತಿರುಗುವ ಹಾರ್ಡ್ ಡಿಸ್ಕ್. ಅಪ್‌ಡೇಟ್ ಅಂದರೆ ಸಾವಿರಾರು ಚಿಕ್ಕ ಚಿಕ್ಕ ಫೈಲುಗಳನ್ನು ಓದಿ, ಹೋಲಿಸಿ, ಮತ್ತೆ ಬರೆಯೋ ಕೆಲಸ. ತಿರುಗೋ ಡಿಸ್ಕ್‌ಗೆ ಇದೇ ಕಷ್ಟದ ಕೆಲಸ. ಒಂದು ದೊಡ್ಡ ಸಿನಿಮಾ ಕಾಪಿ ಮಾಡು ಅಂದರೆ ಬೇಗ ಮಾಡುತ್ತದೆ, ಇದನ್ನು ಮಾಡು ಅಂದರೆ ಗಂಟೆಗಟ್ಟಲೆ.

ಅದಕ್ಕೆ ಎಸ್‌ಎಸ್‌ಡಿ ಹಾಕಿಸಿ, ಅಂದರೆ ತಿರುಗೋ ಭಾಗವೇ ಇಲ್ಲದ ಚಿಪ್ಪಿನ ಡಿಸ್ಕ್. ನಿಮ್ಮದಕ್ಕೆ ಎರಡೂವರೆ ಇಂಚಿನ ಸಾಟಾ ಎಸ್‌ಎಸ್‌ಡಿ ಸಾಕು, 256 ಜಿಬಿ ಧಾರಾಳ. ಹೊಸ ಲ್ಯಾಪ್‌ಟಾಪ್ ಬೆಲೆಯ ಮುಂದೆ ಇದು ಸಣ್ಣ ಖರ್ಚು. ರ‍್ಯಾಮ್ 4 ಇರೋದನ್ನ 8 ಮಾಡಿಸಿದರೆ ಇನ್ನೂ ಒಳ್ಳೇದು. ಐದನೇ ಜನರೇಶನ್‌ಗೆ ಸಾಮಾನ್ಯವಾಗಿ ಡಿಡಿಆರ್3ಎಲ್ ಬರುತ್ತದೆ, ಕೊನೇ ಅಕ್ಷರ ಎಲ್ ಅನ್ನೋದನ್ನ ಮರೀಬೇಡಿ, ಅದು 1.35 ವೋಲ್ಟಿನದ್ದು. ಹಳೇದನ್ನ ಬಿಚ್ಚಿ ಸ್ಟಿಕ್ಕರ್ ನೋಡಿಕೊಂಡು ಅದೇ ಥರದ್ದು ತನ್ನಿ. ಬೆಂಗಳೂರಿಗೆ ಬಂದಾಗ ಎಸ್‌ಪಿ ರೋಡ್‌ನಲ್ಲಿ ಸಿಗುತ್ತದೆ. ಮೂರು ನಾಲ್ಕು ಅಂಗಡಿ ಕೇಳಿ, ಈಚೆಗೆ ಮೆಮೊರಿ ರೇಟು ಏರಿದೆ, ಒಬ್ಬೊಬ್ಬರು ಒಂದೊಂದು ಹೇಳ್ತಾರೆ.

ಇನ್ನೊಂದು. ಮಷಿನ್ ಬಿಚ್ಚೋ ಮೊದಲು ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಅಂತ ಒಂದು ಉಚಿತ ಸಾಫ್ಟ್‌ವೇರ್ ಇದೆ, ಅದನ್ನು ಓಡಿಸಿ ನೋಡಿ. ಹಾರ್ಡ್ ಡಿಸ್ಕ್ ಆರೋಗ್ಯ ನೀಲಿಯಲ್ಲಿ ತೋರಿಸಿದರೆ ಸರಿ. ಹಳದಿ ತೋರಿಸಿದರೆ ಅಪ್‌ಡೇಟ್, ಕ್ಲೋನ್ (ಡಿಸ್ಕನ್ನು ಇದ್ದ ಹಾಗೇ ನಕಲು ಮಾಡೋದು) ಎಲ್ಲಾ ಆಮೇಲೆ, ಮೊದಲು ಗಿರಾಕಿಗಳ ಫೈಲು ಬೇರೆ ಕಡೆ ಕಾಪಿ ಮಾಡಿಕೊಳ್ಳಿ. ಅಪ್‌ಡೇಟ್ ಫೇಲ್ ಆಗ್ತಿದೆ ಅಂತ ತಂದ ಎಷ್ಟೋ ಮಷಿನ್‌ನಲ್ಲಿ ಅಸಲಿ ಕಾಯಿಲೆ ಸಾಯ್ತಿರೋ ಡಿಸ್ಕು.

ಫೇಲ್ ಆಗ್ತಿರೋ ಅಪ್‌ಡೇಟಿನ ನಂಬರ್ ಹೇಳಿ, ಕೆಬಿ ಅಂತ ಶುರುವಾಗುತ್ತದೆ.

ಶಿರಾ ರೈಸ್‌ಮಿಲ್:

ಸುಮ್ನೆ ಹೆದರಿಸ್ತಾರೆ ಗುರು. ನಮ್ಮ ಮಿಲ್ಲಲ್ಲಿ ಬಿಲ್ಲಿಂಗ್ ಕಂಪ್ಯೂಟರ್ ಈಗಲೂ ವಿಂಡೋಸ್ 7. ಅಪ್‌ಡೇಟ್ ಅನ್ನೋದು ನೋಡೇ ಇಲ್ಲ, ಏನೂ ಆಗಿಲ್ಲ. ಸರ್ವೀಸಸ್‌ಗೆ ಹೋಗಿ ವಿಂಡೋಸ್ ಅಪ್‌ಡೇಟ್ ಡಿಸೇಬಲ್ ಮಾಡಿ ಬಿಸಾಕಿ. ಡೇಟಾನೂ ಉಳಿಯುತ್ತೆ, ತಲೆನೋವೂ ಇಲ್ಲ. ಅವರಿಗೆ ಹೊಸ ಲ್ಯಾಪ್‌ಟಾಪ್ ಮಾರಬೇಕು, ನಮಗೆ ಕೆಲಸ ಆಗಬೇಕು, ಅಷ್ಟೇ.

ಲ್ಯಾಬ್ ಮೇಡಂ:

ಚಿಕ್ಕಬಳ್ಳಾಪುರದಿಂದ. ಡಿಗ್ರಿ ಕಾಲೇಜಿನ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುತ್ತೇನೆ, ಹಾಗಾಗಿ ಹಳೇ ಮಷಿನ್ ಅಂದರೆ ನನಗೆ ದಿನದ ಊಟ.

ಶಿರಾದವರಿಗೆ ಮೊದಲು ಒಂದು ಪ್ರಶ್ನೆ. ಆ ಬಿಲ್ಲಿಂಗ್ ಮಷಿನ್‌ಗೆ ನೆಟ್ ಇದೆಯಾ? ಇಲ್ಲದಿದ್ದರೆ, ಬೇರೆಯವರ ಪೆನ್‌ಡ್ರೈವೂ ಹಾಕದಿದ್ದರೆ, ಓಡಿಸಿಕೊಳ್ಳಿ, ನನ್ನ ತಕರಾರಿಲ್ಲ. ಮಧುಗಿರಿಯವರದು ಹಾಗಲ್ಲ. ಅವರ ಮಷಿನ್‌ಗೆ ದಿನಾ ಯಾರ್ಯಾರದೋ ಪೆನ್‌ಡ್ರೈವ್ ಬರುತ್ತದೆ, ವಾಟ್ಸಾಪ್‌ನಿಂದ ಯಾರ್ಯಾರದೋ ಫೈಲ್ ಬರುತ್ತದೆ, ಒಳಗಡೆ ಊರಿನ ಅರ್ಧ ಜನರ ಆಧಾರ್ ಪ್ರತಿ ಇರುತ್ತದೆ. ಕೆರೆ ಕಟ್ಟೆ ಒಡೆಯೋ ತನಕ ಎಲ್ಲಾ ಕಟ್ಟೆಯೂ ಗಟ್ಟಿಯಾಗೇ ಕಾಣುತ್ತದೆ. 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಬಂದಿದ್ದು ನೆನಪಿದೆಯಾ? ಕಂಪ್ಯೂಟರಿನ ಫೈಲೆಲ್ಲಾ ಬೀಗ ಹಾಕಿ ದುಡ್ಡು ಕೇಳಿದ ವೈರಸ್. ಅದು ನುಗ್ಗಿದ ಕಿಂಡಿಯನ್ನು ಮುಚ್ಚುವ ಅಪ್‌ಡೇಟ್ ಮಾರ್ಚ್‌ನಲ್ಲೇ ಬಂದಿತ್ತು. ಎರಡು ತಿಂಗಳಾದರೂ ಹಾಕಿಕೊಳ್ಳದವರು ಸಿಕ್ಕಿಬಿದ್ದರು. ಇಂಗ್ಲೆಂಡಿನ ಎಷ್ಟೋ ಸರ್ಕಾರಿ ಆಸ್ಪತ್ರೆಗಳ ಕೆಲಸಕ್ಕೆ ಅಡ್ಡಿಯಾಗಿತ್ತು.

ಈಗ ದಾರಿ. ಒಂದು ತಾರೀಖು ನೆನಪಿಟ್ಟುಕೊಳ್ಳಿ. ವಿಂಡೋಸ್ 10ಕ್ಕೆ ಮಾಮೂಲಿ ಸಪೋರ್ಟ್ ಮುಗಿದಿದ್ದು 2025ರ ಅಕ್ಟೋಬರ್ 14ಕ್ಕೆ. ಆದರೆ ಇಎಸ್‌ಯು ಅಂತ ಇದೆ, ವಿಸ್ತರಿಸಿದ ಸುರಕ್ಷತಾ ಅಪ್‌ಡೇಟ್. ಮನೆ ಬಳಕೆದಾರರಿಗೆ ಅದು ಒಂದು ವರ್ಷ, 2026ರ ಅಕ್ಟೋಬರ್ 13ರ ತನಕ ಅಂತ ಶುರುವಾಗಿದ್ದು. ಸೇರೋಕೆ ಮೂರು ದಾರಿ ಕೊಟ್ಟಿದ್ದಾರೆ. ವಿಂಡೋಸ್ ಬ್ಯಾಕಪ್ ಆನ್ ಮಾಡಿ ನಿಮ್ಮ ಸೆಟ್ಟಿಂಗ್ಸನ್ನು ಮೈಕ್ರೋಸಾಫ್ಟ್ ಖಾತೆಗೆ ಸಿಂಕ್ ಮಾಡಿದರೆ ದುಡ್ಡೇ ಇಲ್ಲ. ಅಥವಾ ಅವರ ರಿವಾರ್ಡ್ಸ್ ಪಾಯಿಂಟ್ 1000 ಕೊಡಬಹುದು. ಇಲ್ಲವೇ 30 ಡಾಲರ್, ಅಥವಾ ಅದಕ್ಕೆ ಸಮನಾದ ಇಲ್ಲಿನ ದುಡ್ಡು. ಒಂದು ಖಾತೆಯಲ್ಲಿ 10 ಮಷಿನ್ ತನಕ ಸೇರಿಸಬಹುದು.

ಬೇಕಾಗೋದು ಇಷ್ಟು. ವಿಂಡೋಸ್ 10 ಕೊನೇ ಆವೃತ್ತಿ 22ಎಚ್2 ಆಗಿರಬೇಕು. ಸ್ಟಾರ್ಟ್‌ನಲ್ಲಿ ವಿನ್‌ವರ್ (winver) ಅಂತ ಹುಡುಕಿದರೆ ತೋರಿಸುತ್ತದೆ. ಬಂದಿರೋ ಅಪ್‌ಡೇಟ್‌ಗಳು ಆಗಿರಬೇಕು. ಅಡ್ಮಿನ್ ಲಾಗಿನ್ ಮೈಕ್ರೋಸಾಫ್ಟ್ ಖಾತೆಯದ್ದಾಗಿರಬೇಕು. ಎಲ್ಲಾ ಸರಿ ಇದ್ದರೆ ಸೆಟ್ಟಿಂಗ್ಸ್, ಅಪ್‌ಡೇಟ್ ಅಂಡ್ ಸೆಕ್ಯೂರಿಟಿ, ವಿಂಡೋಸ್ ಅಪ್‌ಡೇಟ್ ಪುಟದಲ್ಲಿ ಎನ್‌ರೋಲ್ ನೌ ಅಂತ ಒಂದು ಕೊಂಡಿ ಕಾಣುತ್ತದೆ. ಒತ್ತಿದರೆ ಐದು ನಿಮಿಷದ ಕೆಲಸ. ಒಂದು ಮಾತು, ಇದು ಮನೆಯವರಿಗೆ ಅಂತ ಮಾಡಿರೋದು. ಕಂಪನಿ ಡೊಮೇನ್‌ಗೆ, ಅಂದರೆ ಕಂಪನಿಯೇ ನಿಯಂತ್ರಿಸೋ ನೆಟ್‌ವರ್ಕ್‌ಗೆ, ಸೇರಿದ ಮಷಿನ್‌ಗೆ ಸಿಗಲ್ಲ. ಸಂಸ್ಥೆಗಳಿಗೆ ಬೇರೆ ಇದೆ, ಮಷಿನ್‌ಗೆ ಮೊದಲ ವರ್ಷ 61 ಡಾಲರ್, ಮುಂದೆ ವರ್ಷವರ್ಷ ಎರಡರಷ್ಟು. ಶಿಕ್ಷಣ ಸಂಸ್ಥೆಗಾದರೆ ಮೊದಲ ವರ್ಷ 1 ಡಾಲರ್. ನಿಮ್ಮದು ಮನೆಗೂ ಅಂಗಡಿಗೂ ಒಂದೇ ಲ್ಯಾಪ್‌ಟಾಪ್, ಸೇರೋವಾಗ ಷರತ್ತು ಒಂದು ಸಲ ಓದಿಕೊಳ್ಳಿ.

ಇಎಸ್‌ಯುನಲ್ಲಿ ಹೊಸ ಸೌಲಭ್ಯ ಏನೂ ಬರಲ್ಲ, ಸುರಕ್ಷತೆಯ ತೇಪೆ ಮಾತ್ರ. ನನ್ನ ಕೇಳಿದರೆ ಅಂಗಡಿಗೆ ಅದೇ ಒಳ್ಳೇದು. ಬೆಳಿಗ್ಗೆ ಎದ್ದು ನೋಡಿದರೆ ಬಟನ್ ಜಾಗ ಬದಲಾಗಿರೋ ಕಾಟ ಇಲ್ಲ.

ಸಾಲು ನಿಂತಿರುವಾಗ ರೀಸ್ಟಾರ್ಟ್ ಆಗೋದಕ್ಕೂ ಮದ್ದಿದೆ. ತಿಂಗಳ ಮುಖ್ಯ ಅಪ್‌ಡೇಟ್ ಬರೋದು ಎರಡನೇ ಮಂಗಳವಾರ. ಅಮೆರಿಕದಲ್ಲಿ ಬೆಳಿಗ್ಗೆ 10 ಅಂದರೆ ನಮಗೆ ರಾತ್ರಿ ಹತ್ತೂವರೆ, ಅವರ ಚಳಿಗಾಲದಲ್ಲಿ ಹನ್ನೊಂದೂವರೆ. ಹಾಗಾಗಿ ಬುಧವಾರ ಬೆಳಿಗ್ಗೆ ಅಂಗಡಿ ತೆಗೆದಾಗ ಸರಿಯಾಗಿ ವಕ್ಕರಿಸುತ್ತದೆ. ಆಕ್ಟಿವ್ ಅವರ್ಸ್ ಅಂತ ಇದೆ, ಅದರಲ್ಲಿ ಬೆಳಿಗ್ಗೆ 6ರಿಂದ ರಾತ್ರಿ 12 ಹಾಕಿಬಿಡಿ. 18 ಗಂಟೆ ತನಕ ಹಾಕಬಹುದು. ಆ ಹೊತ್ತಲ್ಲಿ ಅದಾಗಿ ಅದೇ ರೀಸ್ಟಾರ್ಟ್ ಆಗಲ್ಲ. ಹಾಟ್‌ಸ್ಪಾಟ್ ವೈಫೈ ಹೆಸರಿನ ಪ್ರಾಪರ್ಟೀಸ್‌ಗೆ ಹೋಗಿ ಮೀಟರ್ಡ್ ಕನೆಕ್ಷನ್ ಆನ್ ಮಾಡಿ, ದೊಡ್ಡ ಡೌನ್‌ಲೋಡ್‌ಗಳು ತಾವಾಗಿ ಶುರುವಾಗಲ್ಲ. ರಾತ್ರಿ 12ಕ್ಕೆ ಡೇಟಾ ಹೊಸದಾಗಿ ಬರುತ್ತದಲ್ಲ, ಮಲಗೋ ಮೊದಲು ಉಳಿದಿರೋ ಡೇಟಾದಲ್ಲಿ ನೀವೇ ಕೈಯಾರೆ ಡೌನ್‌ಲೋಡ್ ಕೊಡಿ. ತುಂಬಾ ಕೆಲಸ ಇದ್ದ ದಿನಗಳಿಗೆ ಪಾಜ್ (Pause) ಬಟನ್ ಇದೆ, 35 ದಿನದ ತನಕ ತಡೆಯಬಹುದು. ಇಷ್ಟೆಲ್ಲಾ ಇರುವಾಗ ಸರ್ವೀಸ್ ಡಿಸೇಬಲ್ ಯಾಕೆ?

ಒಂದು ಎಚ್ಚರಿಕೆ. ಬ್ಯಾಟರಿ ಇಲ್ಲ ಅಂದಿರಿ. ಅಪ್‌ಡೇಟ್ ಅರ್ಧದಲ್ಲಿ ಕರೆಂಟ್ ಹೋದರೆ ವಿಂಡೋಸ್ ಸಾಮಾನ್ಯವಾಗಿ ಹಿಂದಿನ ಸ್ಥಿತಿಗೆ ವಾಪಸ್ ಹೋಗುತ್ತದೆ, ಆದರೆ ಪ್ರತಿ ಸಲವೂ ಹೋಗುತ್ತದೆ ಅಂತ ನಂಬಿಕೊಂಡು ಕೂರಬೇಡಿ. ಇನ್ವರ್ಟರ್ ಇರೋ ಕಡೆ ಮಾಡಿ. ಇಲ್ಲದಿದ್ದರೆ ಎಸ್‌ಎಸ್‌ಡಿ ಜೊತೆಗೆ ಬ್ಯಾಟರಿಗೂ ಒಂದಿಷ್ಟು ದುಡ್ಡು ಎತ್ತಿಡಿ.

ಶಿರಾ ರೈಸ್‌ಮಿಲ್:

ಮೇಡಂ, ನೆಟ್ ಇದೆ. ಜಿಎಸ್‌ಟಿ ಬಿಲ್ ಅದರಲ್ಲೇ ಮಾಡೋದು.

ಲ್ಯಾಬ್ ಮೇಡಂ:

ಹಾಗಾದರೆ ಬ್ರೌಸರ್ ನಂಬರ್ ನೋಡಿ ಸರ್. ವಿಂಡೋಸ್ 7ಕ್ಕೆ ಬಂದ ಕೊನೇ ಕ್ರೋಮ್ 109, ಅದು 2023ರ ಶುರುವಿನದ್ದು. ಆಮೇಲೆ ಬಂದ ಒಂದು ತೇಪೆಯೂ ಅದಕ್ಕಿಲ್ಲ. ವಿಂಡೋಸ್ 7ಕ್ಕೆ ಸಪೋರ್ಟ್ ನಿಂತಿದ್ದೇ 2020ರ ಜನವರಿ 14ಕ್ಕೆ. ವ್ಯವಹಾರದ ಪಾಸ್‌ವರ್ಡ್ ಅದರಲ್ಲಿ ಹೊಡೀತಿದ್ದೀರಿ ಅಂದರೆ ಈ ಚರ್ಚೆಯಲ್ಲಿ ನನಗೆ ಹೆಚ್ಚು ಭಯ ಮಧುಗಿರಿಯವರದಲ್ಲ, ನಿಮ್ಮದು.

ಗುಬ್ಬಿ ತೋಟದಮನೆ:

ವಿಂಡೋಸ್ ಬದಲು ಹಾಕೋ ಉಚಿತ ಲಿನಕ್ಸ್ ಹೆಸರು ಯಾರೂ ಎತ್ತಲಿಲ್ಲವಲ್ಲ ಅಂತ ಕಾಯುತ್ತಿದ್ದೆ 😀

ನಮ್ಮ ಮನೆಯಲ್ಲಿ ಇದಕ್ಕಿಂತ ಹಳೇ ಲ್ಯಾಪ್‌ಟಾಪ್‌ನಲ್ಲಿ ಲಿನಕ್ಸ್ ಮಿಂಟ್ ಹಾಕಿಕೊಂಡಿದ್ದೇನೆ, ಎಕ್ಸ್‌ಎಫ್‌ಸಿಇ ಅನ್ನೋ ಹಗುರ ಆವೃತ್ತಿ. ಮಿಂಟ್ 22 ಬಂದಿದ್ದು 2024ರಲ್ಲಿ, 2029ರ ತನಕ ಅಪ್‌ಡೇಟ್ ಇದೆ. 4 ಜಿಬಿ ರ‍್ಯಾಮ್‌ನಲ್ಲಿ ಚೆನ್ನಾಗಿ ಓಡುತ್ತದೆ. ಅಪ್‌ಡೇಟ್ ಅಂದರೆ ಮೂಲೆಯಲ್ಲಿ ಒಂದು ಚಿಕ್ಕ ಗುರಾಣಿ ಗುರುತು ಬರುತ್ತದೆ. ಬೇಕಾದಾಗ ಒತ್ತುತ್ತೇನೆ. ಕೊಬ್ಬರಿ ರೇಟು ನೋಡೋದು, ಯೂಟ್ಯೂಬ್, ಬ್ಯಾಂಕು, ಮೊಮ್ಮಗನ ಜೊತೆ ವಿಡಿಯೋ ಕಾಲ್, ಎಲ್ಲಾ ಅದರಲ್ಲೇ. ಕನ್ನಡ ಟೈಪಿಂಗ್‌ಗೂ ಕೆ.ಪಿ. ರಾವ್ ವಿನ್ಯಾಸದ, ನುಡಿಯವರು ಬಳಸೋ ಅದೇ ಕೀಲಿಮಣೆ ಸಿಗುತ್ತದೆ. ಐಬಸ್ ಅಂತ ಟೈಪಿಂಗ್ ಸಾಧನ ಹಾಕಿಕೊಂಡು ಕೆಜಿಪಿ ಲೇಔಟ್ ಆರಿಸಿದರೆ ಆಯ್ತು, ಬೆರಳಿಗೆ ಹೊಸದಾಗಿ ಕಲಿಸಬೇಕಾಗಿಲ್ಲ.

ಆದರೆ ಮಧುಗಿರಿ ಅಣ್ಣನಿಗೆ ಮಾತ್ರ ನಾನು ಇದನ್ನು ಹೇಳಲ್ಲ. ಯಾಕೆ ಅಂದರೆ ಅವರ ಅಂಗಡಿಯ ಸಾಮಾನೆಲ್ಲಾ ವಿಂಡೋಸ್‌ಗೆ ಕಟ್ಟುಬಿದ್ದಿದೆ. ಆ 2900 ಪ್ರಿಂಟರ್ ಮಾಮೂಲಿ ಪ್ರಿಂಟರ್ ಥರ ಮಾತಾಡಲ್ಲ, ಅದಕ್ಕೆ ಕ್ಯಾಪ್ಟ್ ಅನ್ನೋ ತನ್ನದೇ ಭಾಷೆ. ಲಿನಕ್ಸ್‌ಗೆ ಅದರ ಡ್ರೈವರ್ ಇದೆ, ಹಳೇದು. ಕೂರಿಸೋಕೆ ತಾಳ್ಮೆ ಬೇಕು, ಕೂತರೂ ಮುಂದಿನ ಅಪ್‌ಡೇಟಿಗೆ ಎದ್ದು ಹೋಗಬಹುದು. ಹೊರಗೆ ಜನ ನಿಂತಿರುವಾಗ ಟರ್ಮಿನಲ್ ತೆಗೆದು ಕಮಾಂಡ್ ಹೊಡೀತಾ ಕೂರೋಕಾಗಲ್ಲ.

ಎರಡನೇದು ನುಡಿ ಫೈಲು. ಹಳೇ ಅಫಿಡವಿಟ್ ನಮೂನೆಗಳೆಲ್ಲಾ ಆಸ್ಕಿಯಲ್ಲಿರುತ್ತವೆ, ನುಡಿ 01 ಇ ಥರದ ಫಾಂಟು ಇದ್ದರೆ ಮಾತ್ರ ಕನ್ನಡವಾಗಿ ಕಾಣೋ ಹಳೇ ಪದ್ಧತಿ. ಆ ಫಾಂಟ್ ಫೈಲನ್ನು ಲಿನಕ್ಸ್‌ಗೆ ಹಾಕಿದರೆ ಲಿಬ್ರೆಆಫೀಸ್‌ನಲ್ಲಿ ತೆರೆದು ಓದಬಹುದು, ಪ್ರಿಂಟೂ ಹಾಕಬಹುದು. ಆದರೆ ಮಧ್ಯೆ ಒಂದು ಹೆಸರು ತಿದ್ದಬೇಕು ಅಂದಾಗ ತೊಂದರೆ. ಐಬಸ್ ಟೈಪ್ ಮಾಡೋದು ಯೂನಿಕೋಡ್, ಅಂದರೆ ಎಲ್ಲಾ ಕಡೆ ನಡೆಯೋ ಈಗಿನ ಪದ್ಧತಿ, ಫೈಲಲ್ಲಿರೋದು ಆಸ್ಕಿ, ಎರಡೂ ಒಂದೇ ಸಾಲಲ್ಲಿ ಕೂರಲ್ಲ. ನಮೂನೆಗಳನ್ನೆಲ್ಲಾ ಯೂನಿಕೋಡ್‌ಗೆ ಬದಲಾಯಿಸಿದರೆ ಸರಿಹೋಗುತ್ತದೆ. ಬದಲಾಯಿಸೋ ಸಾಧನಗಳು ನೆಟ್‌ನಲ್ಲಿ ಉಚಿತವಾಗಿ ಸಿಗುತ್ತವೆ. ಲಿನಕ್ಸ್‌ಗೆ ಬರಲಿ ಬಿಡಲಿ, ಈ ಕೆಲಸ ಇವತ್ತಿಂದಲೇ ಶುರು ಮಾಡಿ ಅಣ್ಣ, ದಿನಕ್ಕೆ ಒಂದೆರಡು ನಮೂನೆ. ಬದಲಾಯಿಸಿದ ಮೇಲೆ ಒತ್ತಕ್ಷರ, ಅರ್ಕಾವತ್ತು ಕಣ್ಣಾರೆ ನೋಡಿ. ಜಮೀನಿನ ಪತ್ರದಲ್ಲಿ ಅಪ್ಪನ ಹೆಸರು ತಪ್ಪಾದರೆ ಏನಾಗುತ್ತದೆ ಅಂತ ನಿಮಗೆ ನಾನು ಹೇಳಬೇಕಾ.

ಬೆರಳಚ್ಚು ಯಂತ್ರ, ಡಿಜಿಟಲ್ ಸಹಿ ಟೋಕನ್ ಏನಾದರೂ ಬಳಸ್ತೀರಾದರೆ ಅವೂ ವಿಂಡೋಸ್‌ನಲ್ಲೇ ಸಲೀಸು.

ಮಗಳಿಗೆ ಬೇಕಾದರೆ ಪೆನ್‌ಡ್ರೈವ್‌ನಲ್ಲಿ ಮಿಂಟ್ ಹಾಕಿ ಕೊಡಿ. ಇನ್‌ಸ್ಟಾಲ್ ಮಾಡದೆ ಹಾಗೇ ಬೂಟ್ ಮಾಡಿ ನೋಡಬಹುದು. ವಿಂಡೋಸ್ ಮುಟ್ಟಲ್ಲ.

ಮಧುಗಿರಿ ಜೆರಾಕ್ಸ್:

ಇಷ್ಟು ಬಿಡಿಸಿ ಹೇಳಿದ್ದಕ್ಕೆ ಎಲ್ಲರಿಗೂ ಧನ್ಯವಾದ. ಆಸ್ಕಿ ಯೂನಿಕೋಡ್ ವಿಷಯ ಗೊತ್ತಿತ್ತು, ಯಾವಾಗ ಮಾಡೋದು ಅಂತ ಮುಂದಕ್ಕೆ ಹಾಕ್ತಾ ಬಂದಿದ್ದೆ.

ಫೇಲ್ ಆಗ್ತಿರೋದು ಕೆಬಿ 5034441. ಆವೃತ್ತಿ 22ಎಚ್2 ಅಂತಾನೇ ಇದೆ. ಡಿಸ್ಕ್ ಆರೋಗ್ಯ ನೋಡಿದೆ, ಸದ್ಯ ನೀಲಿ. ಸಿ ಡ್ರೈವ್ ಮಾತ್ರ ಕೆಂಪು ಪಟ್ಟಿ, ಜಾಗ ಇಲ್ಲ. ಡಿ ಡ್ರೈವ್ ಪೂರ್ತಿ ಖಾಲಿ ಹೊಡೀತಿದೆ.

ಇನ್ನೂ ಎರಡು ಪ್ರಶ್ನೆ. ಆ ಹುಡುಗ ಹೇಳೋ ಥರ 11 ಕೂರಿಸಿದರೆ ನಿಜವಾಗಲೂ ಏನು ತೊಂದರೆ? ಅವನ ಅಂಗಡಿಯಲ್ಲಿ ಹಾಗೇ ಓಡ್ತಿದೆ, ನಾನೇ ನೋಡಿದ್ದೇನೆ. ಮತ್ತೆ ಈ ವಿಸ್ತರಣೆ ಮುಗಿದ ಮೇಲೆ ಏನು?

ಕೋಲಾರ ಸರ್ವೀಸ್:

ಆ ನಂಬರ್ ನೋಡಿದ ತಕ್ಷಣ ಗೊತ್ತಾಯ್ತು 😀 2024ರ ಜನವರಿಯಲ್ಲಿ ಬಂದಿದ್ದು, ಪ್ರಪಂಚದಾದ್ಯಂತ ಕಾಟ ಕೊಟ್ಟಿದೆ. ಅದು ರಿಕವರಿ ಪಾರ್ಟಿಷನ್‌ಗೆ ಸಂಬಂಧಪಟ್ಟಿದ್ದು. ಡಿಸ್ಕ್‌ನಲ್ಲಿ ಕಣ್ಣಿಗೆ ಕಾಣದ ಒಂದು ಚಿಕ್ಕ ಭಾಗ ಇರುತ್ತದೆ, ವಿಂಡೋಸ್ ಕೆಟ್ಟಾಗ ರಿಪೇರಿಗೆ ಅಂತ. ಈ ಅಪ್‌ಡೇಟಿಗೆ ಆ ಭಾಗದಲ್ಲಿ 250 ಎಂಬಿ ಖಾಲಿ ಬೇಕು. ಹಳೇ ಮಷಿನ್‌ಗಳಲ್ಲಿ ಆ ಭಾಗವೇ ಚಿಕ್ಕದು, ಅದಕ್ಕೆ ಫೇಲ್. ಸಿ ಡ್ರೈವ್ ಎಷ್ಟು ಖಾಲಿ ಮಾಡಿದರೂ ಇದಕ್ಕೆ ಉಪಯೋಗ ಇಲ್ಲ, ಜನ ಫೋಟೋ ಎಲ್ಲಾ ಅಳಿಸಿ ಸುಸ್ತಾಗ್ತಾರೆ. ಇದೊಂದು ಫೇಲ್ ಆದರೆ ತಿಂಗಳ ಅಪ್‌ಡೇಟ್‌ಗಳೇನೂ ನಿಲ್ಲಲ್ಲ, ಅವು ಬೇರೆ. ಪಾರ್ಟಿಷನ್ ಕೈಯಲ್ಲಿ ದೊಡ್ಡದು ಮಾಡೋ ವಿಧಾನ ಇದೆ, ಆದರೆ ಅಂಗಡಿಯ ಒಂದೇ ಮಷಿನ್ ಮೇಲೆ ಅದನ್ನ ಕಲೀಬೇಡಿ. ಎಸ್‌ಎಸ್‌ಡಿಗೆ ಹೊಸದಾಗಿ ವಿಂಡೋಸ್ ಹಾಕಿದರೆ ಪಾರ್ಟಿಷನ್ನೂ ಹೊಸದಾಗೇ ಆಗುತ್ತದೆ, ಈ ಕಾಟ ಬಹುಮಟ್ಟಿಗೆ ಹೋಗುತ್ತದೆ.

ಹೊಸದಾಗಿ ಹಾಕೋದಕ್ಕೆ ಲೈಸೆನ್ಸ್ ದುಡ್ಡು ಕೇಳಿದರೆ ಕೊಡಬೇಡಿ. ಈಗ ನಿಮ್ಮದು ಆಕ್ಟಿವೇಟ್ ಆಗಿದ್ದರೆ ಆ ಲೈಸೆನ್ಸ್ ಮದರ್‌ಬೋರ್ಡ್ ಜೊತೆ ಇರುತ್ತದೆ, ಡಿಸ್ಕ್ ಜೊತೆ ಅಲ್ಲ. ಕೀ ಕೇಳಿದಾಗ ನನ್ನ ಹತ್ತಿರ ಇಲ್ಲ ಅಂತ ಒತ್ತಿ ಮುಂದೆ ಹೋಗಿ, ಮೊದಲಿದ್ದ ಹೋಮ್ ಅಥವಾ ಪ್ರೊ ಯಾವುದೋ ಅದನ್ನೇ ಆರಿಸಿ. ನೆಟ್ ಸಿಕ್ಕ ಮೇಲೆ ತಾನೇ ಆಕ್ಟಿವೇಟ್ ಆಗುತ್ತದೆ. ವಿಂಡೋಸ್ ಫೈಲು ಮೈಕ್ರೋಸಾಫ್ಟ್ ಸೈಟಿನಿಂದಲೇ ಇಳಿಸಿ, ನಾಲ್ಕೈದು ಜಿಬಿ ಬರುತ್ತದೆ. ನಿಮ್ಮ ದಿನದ ಒಂದೂವರೆ ಜಿಬಿಗೆ ಅದು ಆಗಲ್ಲ, ಬ್ರಾಡ್‌ಬ್ಯಾಂಡ್ ಇರೋ ಸ್ನೇಹಿತರ ಮನೆ ನೋಡಿಕೊಳ್ಳಿ. ಮೊದಲೇ ನುಡಿ ಸೆಟಪ್, ಫಾಂಟು, ಪ್ರಿಂಟರ್ ಡ್ರೈವರ್ ಮೂರನ್ನೂ ಪೆನ್‌ಡ್ರೈವ್‌ಗೆ ಹಾಕಿಟ್ಟುಕೊಳ್ಳಿ. ಎಲ್ಲಾ ಆದ ಮೇಲೆ ಡ್ರೈವರ್ ಹುಡುಕಿಕೊಂಡು ಕೂರೋದು ಬೇಡ.

ಎಸ್‌ಎಸ್‌ಡಿ ಬರೋ ತನಕ ಸಿ ಡ್ರೈವ್‌ಗೆ ಡಿಸ್ಕ್ ಕ್ಲೀನಪ್ ಓಡಿಸಿ, ಕ್ಲೀನ್ ಅಪ್ ಸಿಸ್ಟಮ್ ಫೈಲ್ಸ್ ಒತ್ತಿ, ವಿಂಡೋಸ್ ಅಪ್‌ಡೇಟ್ ಕ್ಲೀನಪ್ ಅನ್ನೋದಕ್ಕೆ ಟಿಕ್ ಹಾಕಿ. ಪಟ್ಟಿಯಲ್ಲಿ ಡೌನ್‌ಲೋಡ್ಸ್ ಅಂತ ಕಂಡರೆ ಅದರ ಟಿಕ್ ತೆಗೆಯಿರಿ. ನಿಮ್ಮ ಗಿರಾಕಿಗಳ ಫೈಲೆಲ್ಲಾ ಅಲ್ಲೇ ಬಿದ್ದಿರುತ್ತದೆ ಅಂತ ನನ್ನ ಊಹೆ.

ಆ ಹುಡುಗನ 11 ವಿಷಯ. ಆಗುತ್ತದೆ, ಸುಳ್ಳಲ್ಲ. ರೂಫಸ್ ಅನ್ನೋ ಸಾಫ್ಟ್‌ವೇರ್‌ನಲ್ಲಿ ಪೆನ್‌ಡ್ರೈವ್ ಮಾಡುವಾಗ ಟಿಪಿಎಂ (ಸುರಕ್ಷತೆಯ ಚಿಪ್) ಪರೀಕ್ಷೆ ತೆಗೆದುಹಾಕೋ ಆಯ್ಕೆನೇ ಇದೆ. 11ಕ್ಕೆ ಅಧಿಕೃತವಾಗಿ ಬೇಕಾಗೋದು ಟಿಪಿಎಂ 2.0, ಸೆಕ್ಯೂರ್ ಬೂಟ್, ಇಂಟೆಲ್‌ನಲ್ಲಿ ಹೆಚ್ಚುಕಮ್ಮಿ ಎಂಟನೇ ಜನರೇಶನ್ ಮೇಲಿನ ಪ್ರೊಸೆಸರ್. ನಿಮ್ಮದು ಐದನೇದು, ಪಟ್ಟಿಯಲ್ಲೇ ಇಲ್ಲ. ಇಂಥ ಮಷಿನ್‌ಗೆ ಅಪ್‌ಡೇಟ್ ಕೊಡೋ ಖಾತರಿ ಇಲ್ಲ ಅಂತ ಮೈಕ್ರೋಸಾಫ್ಟ್ ಹೇಳಿದೆ. ಈಗ ತಿಂಗಳ ಅಪ್‌ಡೇಟ್ ಬರ್ತಿರಬಹುದು. ವರ್ಷಕ್ಕೊಮ್ಮೆ ಬರೋ ದೊಡ್ಡ ಆವೃತ್ತಿ ಮಾತ್ರ ತಾನಾಗಿ ಬರಲ್ಲ. ಪ್ರತಿ ಸಲ ಅದೇ ಹುಡುಗನ ಹತ್ತಿರ ಹೋಗಿ ಮೇಲಿಂದ ಕೂರಿಸಬೇಕು. 11ರ 24ಎಚ್2 ಆವೃತ್ತಿ ಬಂದಾಗ ತೀರಾ ಹಳೇ ಪ್ರೊಸೆಸರ್‌ಗಳಲ್ಲಿ ಬೂಟೇ ಆಗದಂತಾಯ್ತು, ಅದಕ್ಕೆ ಬೇಕಾದ ಒಂದು ಇನ್‌ಸ್ಟ್ರಕ್ಷನ್ ಆ ಪ್ರೊಸೆಸರ್‌ಗಳಲ್ಲಿ ಇರಲಿಲ್ಲ ಅಂತ. ನಿಮ್ಮದು ಅದರಲ್ಲಿ ಪಾಸ್ ಆಗುತ್ತದೆ. ಮುಂದಿನ ಸಲ ಯಾವ ಷರತ್ತು ಹಾಕ್ತಾರೋ ಯಾರಿಗೆ ಗೊತ್ತು? ಆಟ ಆಡೋ ಮಷಿನ್ ಆಗಿದ್ದರೆ ಮಾಡು ಅಂತಿದ್ದೆ. ಅನ್ನ ಕೊಡೋ ಮಷಿನ್ ಮೇಲೆ ಬೇಡ. 4 ಜಿಬಿ ರ‍್ಯಾಮ್ ಮೇಲೆ 11 ಅಂತೂ ಬೇಡವೇ ಬೇಡ.

ಲ್ಯಾಬ್ ಮೇಡಂ:

ವಿಸ್ತರಣೆ ಮುಗಿದ ಮೇಲೆ ಮಷಿನ್ ಏನು ಆಫ್ ಆಗಲ್ಲ. ಎಡ್ಜ್ ಬ್ರೌಸರ್‌ಗೆ ವಿಂಡೋಸ್ 10ರಲ್ಲಿ 2028ರ ಅಕ್ಟೋಬರ್ ತನಕ ಅಪ್‌ಡೇಟ್ ಕೊಡ್ತೀವಿ ಅಂದಿದ್ದಾರೆ, ವಿಂಡೋಸ್ ಜೊತೆಗೇ ಬರೋ ಆಂಟಿವೈರಸ್ ಡಿಫೆಂಡರ್‌ನ ವೈರಸ್ ಪಟ್ಟಿಯೂ 2028ರ ತನಕ ಬರುತ್ತದೆ. ಹಾಗಂತ ವಿಂಡೋಸ್ ಒಳಗಿನ ಕಿಂಡಿಯನ್ನು ಅವು ಮುಚ್ಚಲ್ಲ. ಅಷ್ಟರಲ್ಲಿ ಒಂದು ರೀಫರ್ಬಿಶ್ಡ್, ಅಂದರೆ ಬಳಸಿದ್ದನ್ನು ಸರಿಮಾಡಿ ಮಾರೋ ಲ್ಯಾಪ್‌ಟಾಪ್, ನೋಡಿಕೊಳ್ಳೋದು ನನ್ನ ಸಲಹೆ. ಬೆಂಗಳೂರಿನ ಕಂಪನಿಗಳು ಬಳಸಿ ಬಿಟ್ಟ ಲ್ಯಾಪ್‌ಟಾಪ್‌ಗಳು ಮಾರುಕಟ್ಟೆಗೆ ಬರುತ್ತಲೇ ಇರುತ್ತವೆ.

ಅಲ್ಲಿ ಒಂದು ಮೋಸ ಇದೆ, ಗಮನಿಸಿ. ಮಾರೋರು 'ಐ7 ಸರ್, ಐ7' ಅಂತ ಕೂಗ್ತಾರೆ. ಐ7 ಅನ್ನೋದು ಮುಖ್ಯ ಅಲ್ಲ, ಅದರ ಮುಂದಿನ ನಂಬರ್ ನೋಡಿ. ಐ5 7200ಯು ಅಂದರೆ ಏಳನೇ ಜನರೇಶನ್, 11ಕ್ಕೆ ಬರಲ್ಲ. ಐ5 8250ಯು ಅಂದರೆ ಎಂಟನೇದು, ಬರುತ್ತದೆ. ಹೊರಗಿಂದ ನೋಡಿದರೆ ಎರಡೂ ಒಂದೇ ಥರದ ಡಬ್ಬ, ಬೆಲೆಯೂ ಹತ್ತಿರ ಹತ್ತಿರ. 11ಕ್ಕೆ ಅರ್ಹತೆ ಇದೆಯಾ ಅಂತ ಹೇಳೋ ಪಿಸಿ ಹೆಲ್ತ್ ಚೆಕ್ ಅನ್ನು ಅಂಗಡಿಯಲ್ಲೇ ಓಡಿಸಿ ತೋರಿಸಿ ಅನ್ನಿ. ತೋರಿಸಲ್ಲ ಅಂದರೆ ಎದ್ದು ಬನ್ನಿ. ಆಗಲೇ 11 ಹಾಕಿ ಇಟ್ಟಿದ್ದರೂ ಅದೇ ಸಾಕ್ಷಿ ಅಂದುಕೊಳ್ಳಬೇಡಿ, ಮೇಲೆ ಹೇಳಿದ ರೂಫಸ್ ದಾರಿಯಲ್ಲಿ ಕೂರಿಸಿರಬಹುದು.

ಇನ್ನೊಂದು, ಕೇಳದೇ ಇದ್ದರೂ ಹೇಳ್ತೀನಿ. ಮೈಕ್ರೋಸಾಫ್ಟ್ ಖಾತೆ ಹಾಕಿದ ಮೇಲೆ ಅವರ ಆನ್‌ಲೈನ್ ಸಂಗ್ರಹ ಒನ್‌ಡ್ರೈವ್ ನಿಮ್ಮ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್ ಬ್ಯಾಕಪ್ ಮಾಡಲಾ ಅಂತ ಕೇಳುತ್ತದೆ. ಇಎಸ್‌ಯುಗೆ ಬೇಕಾಗೋದು ಸೆಟ್ಟಿಂಗ್ಸ್ ಸಿಂಕ್ ಮಾತ್ರ. ಫೋಲ್ಡರ್‌ಗಳಿಗೆ ಬೇಡ ಅನ್ನಿ. ಉಚಿತ ಜಾಗ ಇರೋದೇ 5 ಜಿಬಿ, ಅದಕ್ಕಿಂತ ಹೆಚ್ಚಾಗಿ ಗಿರಾಕಿಗಳ ಆಧಾರ್ ನಿಮ್ಮ ಕ್ಲೌಡ್‌ಗೆ ಹೋಗೋದು ಯಾಕೆ? ಪ್ರಿಂಟ್ ಕೊಟ್ಟ ಮೇಲೆ ಆ ಫೈಲುಗಳನ್ನು ಅಳಿಸೋ ಅಭ್ಯಾಸ ಮಾಡಿಕೊಂಡರೆ ಸಿ ಡ್ರೈವ್ ಕೂಡ ಕೆಂಪಾಗಲ್ಲ.

ಶಿರಾ ರೈಸ್‌ಮಿಲ್:

ಮೇಡಂ ಮಾತು ಕೇಳಿ ನಮ್ಮ ಮಿಲ್ ಕಂಪ್ಯೂಟರ್ ನೋಡಿದೆ. ಕ್ರೋಮ್ 109 ಅಂತಾನೇ ಇದೆ 🙏 ಬಿಲ್ಲಿಂಗ್ ಸಾಫ್ಟ್‌ವೇರ್‌ನವನು 10ಕ್ಕೆ ಓಡುತ್ತೆ ಅಂತಾನೆ. ಇದರ ಮೇಲೇ ಹಾಕಿಸಲಾ ಅಥವಾ ನೇರ ಎಂಟನೇ ಜನರೇಶನ್ ತಗೊಳ್ಳಲಾ?

ಕೋಲಾರ ಸರ್ವೀಸ್:

ನೀವು ಮಿಲ್ ಇಟ್ಟಿದ್ದೀರಿ ಸಾಹುಕಾರ್ರೇ, ನೇರ ತಗೊಳ್ಳಿ. ಸಪೋರ್ಟ್ ಮುಗಿದಿರೋದಕ್ಕೆ ಈಗ ಹೊಸದಾಗಿ ಹೋಗೋದು ಯಾಕೆ? ಬಿಲ್ಲಿಂಗ್ ಡೇಟಾ ಬ್ಯಾಕಪ್ ತೆಗೆದು ಹೊಸ ಮಷಿನ್‌ನಲ್ಲಿ ಓಪನ್ ಆಗುತ್ತಾ ಅಂತ ನೋಡಿದ ಮೇಲೆ ಹಳೇದನ್ನ ಕೊಡಿ, ಅದಕ್ಕೂ ಮೊದಲು ಕೊಡಬೇಡಿ.

ಮಧುಗಿರಿ ಜೆರಾಕ್ಸ್:

ಸರಿ, ಎಸ್‌ಎಸ್‌ಡಿ, 8 ಜಿಬಿ ರ‍್ಯಾಮ್, ಆಮೇಲೆ ಇಎಸ್‌ಯು. ಅಂಗಡಿ ರಜೆ ಇರೋ ಭಾನುವಾರ ಮಾಡಿಸ್ತೀನಿ. ಮೀಟರ್ಡ್ ಕನೆಕ್ಷನ್ ಆಗಲೇ ಆನ್ ಮಾಡಿದೆ, ಇವತ್ತು ಸಂಜೆ ತನಕ ಡೇಟಾ ಉಳಿದಿದೆ. ಕೋಲಾರದವರೇ, ಹಳೇ 1 ಟಿಬಿ ಡಿಸ್ಕ್ ಬಿಸಾಕೋಕೆ ಮನಸ್ಸಿಲ್ಲ. ಡಿವಿಡಿ ಡ್ರೈವ್ ಹೇಗೂ ಕೆಲಸ ಮಾಡಲ್ಲ, ಅದರ ಜಾಗಕ್ಕೆ ಹಾಕಬಹುದಾ?

ಕೋಲಾರ ಸರ್ವೀಸ್:

ಹಾಕಬಹುದು, ಕ್ಯಾಡಿ ಅಂತ ಕೇಳಿ, ಡಿವಿಡಿ ಡ್ರೈವ್ ಜಾಗದಲ್ಲಿ ಡಿಸ್ಕ್ ಕೂರಿಸೋ ಚೌಕಟ್ಟು ಅದು. ಎಸ್‌ಎಸ್‌ಡಿಯನ್ನ ಹಾರ್ಡ್ ಡಿಸ್ಕ್ ಜಾಗಕ್ಕೆ ಹಾಕಿ, ಹಳೇ ಡಿಸ್ಕ್ ಕ್ಯಾಡಿಗೆ ಹಾಕಿ, ಅದಲುಬದಲು ಮಾಡಬೇಡಿ. ಕ್ಯಾಡಿ ಎರಡು ದಪ್ಪದಲ್ಲಿ ಬರುತ್ತದೆ, 9.5 ಎಂಎಂ ಮತ್ತು 12.7 ಎಂಎಂ. ಡಿವಿಡಿ ಡ್ರೈವ್ ಹೊರಗೆ ಎಳೆದು ಸ್ಕೇಲ್ ಇಟ್ಟು ಅಳೆದುಕೊಂಡು ಹೋಗಿ. ಅದರ ಮುಂದಿನ ಪ್ಲಾಸ್ಟಿಕ್ ಮುಚ್ಚಳ ಜೋಪಾನವಾಗಿ ಬಿಚ್ಚಿಟ್ಟುಕೊಳ್ಳಿ, ಕ್ಯಾಡಿಗೆ ಅದನ್ನೇ ಸಿಗಿಸಬೇಕಾಗುತ್ತದೆ.